ಸುಣ್ಣದ ಗೆರೆ ದಾಟಿದ ಬಿರುಕು

ಹಳೆಯ ಕಬ್ಬಿಣವನ್ನು ಗ್ಯಾಸಿನ ಬೆಂಕಿಯಲ್ಲಿ ಕತ್ತರಿಸುವಾಗ ಏಳುವ ವಾಸನೆ ಗಂಟಲಿಗೆ ಅಂಟಿಕೊಳ್ಳುತ್ತದೆ. ಒಂದರ ಮೇಲೊಂದು ಬಳಿದ ಬಣ್ಣವೆಲ್ಲ ಮೊದಲು ಸುಡುತ್ತದೆ, ಆಮೇಲೆ ತುಕ್ಕು. ಹೋದ ಭಾನುವಾರ ಬೆಳಿಗ್ಗೆ ವೈಟ್‌ಫೀಲ್ಡ್ ಕಡೆಯ ನಮ್ಮ ರೈಲು ಹಳಿಯ ಪಕ್ಕ, ದುಪಟ್ಟಾ ಮೂಗಿಗೆ ಹಿಡಿದು ನಿಂತಿದ್ದೆ. ರಾಜಕಾಲುವೆಯ ಮೇಲಿನ ಹಳೆಯ ಸೇತುವೆಯ ಉಕ್ಕಿನ ತೊಲೆಗಳನ್ನು ಕ್ರೇನು ಎತ್ತಿ ದಂಡೆಗೆ ಹಾಕಿತ್ತು. ಇಬ್ಬರು ಕೂತು ಅವನ್ನು ತುಂಡು ಮಾಡುತ್ತಿದ್ದರು. ಸುತ್ತ ನಿಂತ ಜನ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಅಲ್ಲಿ ಮೊದಲು ನಿಂತಿರಬೇಕಾಗಿದ್ದವರು ಎಷ್ಟೋ ವರ್ಷಗಳ ಹಿಂದೆ ನಮ್ಮ ಎದುರು ಕೋಣೆಯಲ್ಲಿದ್ದ ಅಕ್ಕ...

ಅಕ್ಕ ಯಾದಗಿರಿ ಕಡೆಯವರು. ಹಳಿ ಕಾಯುವ ಕೆಲಸದಲ್ಲಿದ್ದ ಗಂಡ ಕಾಯಿಲೆಯಿಂದ ತೀರಿಕೊಂಡ ಮೇಲೆ ಅವರಿಗೆ ಅದೇ ಕೆಲಸ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಕಿತ್ತಳೆ ಬಣ್ಣದ ಅಂಗಿಯನ್ನು ಸೀರೆಯ ಮೇಲೆಯೇ ತೊಟ್ಟು, ಹೆಗಲಿಗೆ ಸುತ್ತಿಗೆ, ಬೋಲ್ಟು ಬಿಗಿಯುವ ಪಾನಾ, ಕೆಂಪು ಬಾವುಟ ಹಾಕಿಕೊಂಡು ಹಳಿಗುಂಟ ನಡೆಯುತ್ತ ಹೋಗುತ್ತಿದ್ದರು. ಸಡಿಲಾದ ಕೊಂಡಿಗಳನ್ನು ಬಡಿದು ಕೂರಿಸುವುದು, ಕೆಟ್ಟದ್ದು ಕಂಡರೆ ಮೇಲಿನವರಿಗೆ ತಿಳಿಸುವುದು ಅವರ ಕೆಲಸ. ಮಗಳು ಊರಿನಲ್ಲಿ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಅಕ್ಕನಿಗೆ ಓದಲು ಬರುತ್ತಿತ್ತು, ಬರೆಯುವುದು ಕಷ್ಟ. ರಜೆ ಅರ್ಜಿ, ಹಾಸ್ಟೆಲಿನ ಫಾರಂ, ಎಲ್ಲವನ್ನೂ ನನ್ನಿಂದ ಬರೆಸುತ್ತಿದ್ದರು. ಬದಲಿಗೆ ನನಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ನಾನಾಗ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ವಿಭಾಗದಲ್ಲಿದ್ದೆ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ಬಸ್ಸು. ರೈಲು ಸಮಯಕ್ಕೆ ಬಂದರೆ ಎಲ್ಲ ಸರಿ. ಆದರೆ ಒಂದು ದಿನ ಆ ಸೇತುವೆಯ ಎರಡೂ ಕಡೆ ಹಳದಿ ಫಲಕ ನೆಟ್ಟರು. ಅಂದಿನಿಂದ ಎಲ್ಲ ರೈಲುಗಳೂ ಅಲ್ಲಿ ಆಮೆಯಂತೆ ತೆವಳಬೇಕಾಯಿತು. ಒಂದರ ಹಿಂದೆ ಒಂದು ನಿಂತು ನಮ್ಮ ಗಾಡಿ ದಿನವೂ ತಡ. ಫ್ಯಾಕ್ಟರಿಯ ಗೇಟು ಯಾರಿಗೂ ಕಾಯುವುದಿಲ್ಲ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ರಜೆ. ಸೂಪರ್‌ವೈಸರ್ ಹುದ್ದೆಗೆ ನನ್ನ ಹೆಸರು ಓಡಾಡುತ್ತಿದ್ದ ಕಾಲ ಅದು. ಒಂದೇ ತಿಂಗಳಲ್ಲಿ ಮೂರು ಸಲ ಅರ್ಧ ದಿನ ಹೋದ ಮೇಲೆ ಆ ಹೆಸರು ಓಡಾಡುವುದು ನಿಂತಿತು.

ಆ ಫಲಕ ಬರಲು ಅಕ್ಕನೇ ಕಾರಣ ಎಂಬುದು ನನಗೆ ಗೊತ್ತಿತ್ತು. ಅವರೇ ಹೇಳಿದ್ದರು, ಖುಷಿಯಿಂದ. ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿಯೂ ಇದ್ದರು. ಕಾಲುವೆಯ ಗಬ್ಬುನಾತದ ನಡುವೆ ಸೇತುವೆಯ ಕೆಳಗೆ ಇಳಿದೆವು. ಉಕ್ಕಿನ ತೊಲೆ ಕೂತಿದ್ದ ದೊಡ್ಡ ಕಲ್ಲಿನಲ್ಲಿ ಕೂದಲೆಳೆಯ ಬಿರುಕು. ಅದು ಮೊದಲು ಮುಗಿಯುತ್ತಿದ್ದ ಕಡೆ ಅಕ್ಕ ಸುಣ್ಣದಿಂದ ಅಡ್ಡ ಗೆರೆ ಎಳೆದಿದ್ದರು. ಬಿರುಕು ಆ ಗೆರೆಯನ್ನು ದಾಟಿ ಒಂದು ಬೆರಳಿನಷ್ಟು ಮುಂದೆ ಹೋಗಿತ್ತು.

"ಕೈ ಇಡು" ಎಂದರು. ಇಟ್ಟೆ. ಮೇಲೆ ಗೂಡ್ಸ್ ಗಾಡಿ ಬಂತು. ಕಲ್ಲು ಅಂಗೈಯ ಕೆಳಗೆ ನಡುಗಿತು, ಸಂದಿಯಿಂದ ಪುಡಿ ಉದುರಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ಮಳಿಗಾಲಕ್ಕ ನೀರು ಇದರಾಗ ಹೊಕ್ಕರ ಮುಗೀತವ್ವ. ಬ್ಯಾರೆ ಬ್ರಿಜ್ಜೇ ಹಾಕಬೇಕು. ಅಲ್ಲೀತನಕ ಗಾಡಿ ನಿಧಾನ ಹೋಗಬೇಕು" ಎಂದರು ಅಕ್ಕ.

ಮನೆಗೆ ಬಂದು ನಮ್ಮ ಮನೆ ಮಾಲೀಕರಾದ ಗೌಡರಿಗೆ ಹೇಳಿದೆ. ಹಳಿಯ ಆಚೆ ಒಂದು ಕಾಲಕ್ಕೆ ಅವರದೇ ರಾಗಿ ಹೊಲವಿತ್ತು. ಅವರು ನಕ್ಕುಬಿಟ್ಟರು. "ನಮ್ಮಜ್ಜನ ಕಾಲದಿಂದ ಐತೆ ಕಣವ್ವ ಅದು. ಅಂಗೆಲ್ಲ ಬೀಳಕಿಲ್ಲ." ಆ ಮಾತನ್ನು ನಂಬುವುದು ನನಗೆ ಅನುಕೂಲವಾಗಿತ್ತು. ನಂಬಿದೆ.

ಹೆಂಗಸರ ಬೋಗಿಯಲ್ಲಿ ದಿನವೂ ಅದೇ ಗೊಣಗಾಟ. ಕೊನೆಗೆ ಅರ್ಜಿ ಕೊಡೋಣ ಎಂದು ತೀರ್ಮಾನವಾಯಿತು. "ನೀವೇ ಬರೀರಿ ಮೇಡಂ, ನಿಮ್ ಕೈಬರಹ ಚೆನ್ನಾಗಿದೆ" ಎಂದರು ಬ್ಯಾಂಕಿನ ಹೆಂಗಸೊಬ್ಬರು. ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಬರೆದೆ. 'ಕೆಳಹಂತದ ಸಿಬ್ಬಂದಿಯೊಬ್ಬರ ಅನಗತ್ಯ ಭಯದಿಂದ ಸಾವಿರಾರು ದುಡಿಯುವ ಜನರಿಗೆ ತೊಂದರೆಯಾಗುತ್ತಿದೆ' ಎಂಬ ವಾಕ್ಯ ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ. ನಾಲ್ಕು ಹಾಳೆ ತುಂಬ ಸಹಿ ಬಿದ್ದವು. ಬರೆಯುವಾಗ ಮಣಿಕಟ್ಟಿನ ಮೇಲೆ ಬಿದ್ದ ಆ ಪುಡಿ ನೆನಪಾಗಲಿಲ್ಲವೇ ಎಂದರೆ... ಆಗಿತ್ತು. ಇಷ್ಟು ವರ್ಷ ನಿಂತ ಸೇತುವೆ ಇನ್ನೊಂದು ವರ್ಷ ನಿಲ್ಲಬಾರದೇ ಎಂದುಕೊಂಡೆ.

ನಾವು ಕೇಳಿದ ಬೇರೆ ಯಾವುದೂ ಆಗದ ವೇಗದಲ್ಲಿ ಇದೊಂದು ಆಯಿತು. ಯಾರೋ ಬಂದು ನೋಡಿದರು. ಬಿರುಕಿಗೆ ಸಿಮೆಂಟು ಮೆತ್ತಿದರು, ತೊಲೆಗೆ ಬಣ್ಣ ಬಳಿದರು, ಬೋಲ್ಟು ಬಿಗಿದರು. ಹಳದಿ ಫಲಕ ಹೋಯಿತು. ಬೋಗಿಯಲ್ಲಿ ಸಿಹಿ ಹಂಚಿದರು. ನಾನೂ ತಿಂದೆ.

ಅದೇ ವಾರ ಅಕ್ಕನನ್ನು ಕಚೇರಿಗೆ ಕರೆಸಿದರು. ಸಂಜೆ ಬಂದವರು ಸುತ್ತಿಗೆ ಪಾನಾಗಳನ್ನು ಹೊಸ್ತಿಲ ಪಕ್ಕ ಇಟ್ಟು ನನ್ನ ಬಾಗಿಲಿಗೆ ಬಂದು ನಿಂತರು. ಅವರನ್ನು ದೂರದ ಬೇರೊಂದು ಸೆಕ್ಷನ್ನಿಗೆ ಹಾಕಿದ್ದರು. ಸಾಹೇಬರು ಅರ್ಜಿಯನ್ನು ಅವರ ಮುಂದೆಯೇ ಹಿಡಿದು ತೋರಿಸಿದ್ದರಂತೆ.

"ನಿನ್ನ ಅಕ್ಷರ ಅಂತ ಕಂಡ ಕೂಡ್ಲೇ ಗೊತ್ತಾತು" ಎಂದರು ಅಕ್ಕ. ನಾನು ಬಾಯಿ ತೆರೆಯುವ ಮೊದಲೇ ಕೈಯಲ್ಲಿದ್ದ ಬಿಳಿ ಹಾಳೆ ಮುಂದೆ ಚಾಚಿದರು. "ಅದನ್ನ ಬರ್ದಿ. ಈಗ ಇದನ್ನೂ ಬರಿ, ಮ್ಯಾಲಿನ ಆಫೀಸಿಗೆ. ಸಿಮೆಂಟ್ ಹಚ್ಚಿದ ಮ್ಯಾಲೂ ಬಿರುಕು ಹೊರಗ ಬಂದದ. ನಾ ಹೇಳ್ತೀನಿ, ನೀ ಬರಿ."

ಬರೆದೆ. ಅವರು ಒಂದೊಂದೇ ಮಾತು ಹೇಳಿದರು, ಯಾರನ್ನೂ ದೂರದೆ. ಎಲ್ಲಿ, ಎಷ್ಟು ಉದ್ದ, ಯಾವ ಕಲ್ಲು, ಅಷ್ಟೇ. ಕೊನೆಗೆ ಒಂದೊಂದು ಅಕ್ಷರವನ್ನೂ ಒತ್ತಿ ಸಹಿ ಮಾಡಿದರು. ತಪ್ಪಾಯಿತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಪೆನ್ನಿನ ಮುಚ್ಚಳ ಹಾಕಿ, "ಸ್ಟ್ಯಾಂಪ್ ಹಚ್ಚಬೇಕಾ ಅಕ್ಕ?" ಎಂದು ಕೇಳಿದೆ. ಎರಡು ದಿನದಲ್ಲಿ ಅವರು ಕೋಣೆ ಖಾಲಿ ಮಾಡಿದರು. ಮಗಳ ಹಾಸ್ಟೆಲಿನ ಫಾರಮ್ಮಿನಲ್ಲಿ ನಾನೇ ತುಂಬಿದ್ದ ಅಕ್ಕನ ಫೋನ್ ನಂಬರು ಮಾತ್ರ ನನ್ನ ಹತ್ತಿರ ಉಳಿಯಿತು.

ಆ ಮಳೆಗಾಲದಲ್ಲಿ ಕಾಲುವೆ ಉಕ್ಕಿತು. ಕಲ್ಲಿನ ಮೂಲೆ ಒಡೆದು ತೊಲೆ ಒಂದು ಕಡೆಗೆ ಕುಸಿಯಿತು. ಅಕ್ಕನ ಜಾಗಕ್ಕೆ ಬಂದಿದ್ದವನು ನೋಡಿ ಬಾವುಟ ತೋರಿಸಿದ್ದರಿಂದ ನಮ್ಮದೇ ಗಾಡಿ ಸೇತುವೆಗೆ ಸ್ವಲ್ಪ ಮೊದಲು ನಿಂತಿತು. ಇಳಿದು, ಜಲ್ಲಿಕಲ್ಲಿನ ಮೇಲೆ ನಡೆದು, ನಾನೂ ಇಣುಕಿ ನೋಡಿದೆ. ಬೋಗಿಯ ಹೆಂಗಸರಲ್ಲಿ ಒಬ್ಬರೂ ಅರ್ಜಿಯ ಮಾತು ಎತ್ತಲಿಲ್ಲ. "ಇವತ್ತೂ ಹಾಫ್ ಡೇ ಹೋಯ್ತು" ಎಂದರು ಬ್ಯಾಂಕಿನವರು.

ಕುಸಿದ ತೊಲೆಗೆ ಕೆಳಗಿನಿಂದ ಆಧಾರ ಕೊಟ್ಟು ಗಾಡಿ ಬಿಟ್ಟರು, ಹಳದಿ ಫಲಕ ಮತ್ತೆ ಬಂತು. ಹೊಸ ಸೇತುವೆ ಮಂಜೂರಾಗಿದೆ ಎಂದರು. ಹೊಸ ತೊಲೆಗಳೂ ಬಂದವು. ಬಂದು ಹಳಿಯ ಪಕ್ಕ ಬಿದ್ದವು. ಅವುಗಳ ನಡುವೆ ಲಂಟಾನದ ಪೊದೆ ಬೆಳೆಯಿತು, ನಾಯಿ ಮರಿ ಹಾಕಿತು. ಕಂಟ್ರಾಕ್ಟರು ಬಿಟ್ಟು ಹೋದ, ಬೇರೊಬ್ಬ ಬಂದ, ಅವನೂ ಹೋದ. ಹಬ್ಬದ ಜನಜಂಗುಳಿ ಎಂದು ಕೆಲಸ ಮುಂದೆ ಹೋಯಿತು, ಮಳೆ ಎಂದು ಮುಂದೆ ಹೋಯಿತು, ರೈಲು ನಿಲ್ಲಿಸಲು ಆಗುವುದಿಲ್ಲ ಎಂದು ಮುಂದೆ ಹೋಯಿತು. ಪಕ್ಕದಲ್ಲಿ ಇಡೀ ಟೆಕ್ ಪಾರ್ಕುಗಳು ಎದ್ದು ನಿಂತವು, ಕಂಬಗಳ ಮೇಲೆ ಮೆಟ್ರೋ ಓಡಿತು. ಈ ಚೋಟುದ್ದದ ಸೇತುವೆ ಬದಲಾಗಲಿಲ್ಲ. ನಾನು ಫ್ಯಾಕ್ಟರಿ ಬದಲಾಯಿಸಿದೆ, ಮದುವೆಯಾಯಿತು, ತಲೆಯಲ್ಲಿ ಬಿಳಿಗೂದಲು ಬಂತು. ದಿನಕ್ಕೆ ಎರಡು ಸಲ ಅದರ ಮೇಲೆ ತೆವಳುತ್ತ ಹೋದೆ. ಅಕ್ಕನಿಗೆ ಇಂದು ಫೋನ್ ಮಾಡುತ್ತೇನೆ, ನಾಳೆ ಮಾಡುತ್ತೇನೆ... ಸೇತುವೆಯ ಕೆಲಸ ಮುಂದೂಡಿದವರನ್ನು ಬೈಯುತ್ತಿದ್ದ ನಾನು ನನ್ನ ಕೆಲಸವನ್ನೂ ಹಾಗೆಯೇ ಮುಂದೂಡಿದೆ.

ಕೊನೆಗೆ ಹೋದ ಭಾನುವಾರ ಹೊಸ ತೊಲೆ ಕೂತಿತು. ಇಷ್ಟೆಲ್ಲ ವರ್ಷ ಕಾದದ್ದು ಒಂದೇ ದಿನದ ಕೆಲಸಕ್ಕೆ. ಮನೆಗೆ ಬಂದು ಆ ನಂಬರಿಗೆ ಫೋನ್ ಮಾಡಿದೆ. ಮಗಳೇ ಎತ್ತಿದಳು. ಈಗ ಕಲಬುರಗಿಯಲ್ಲಿ ನರ್ಸ್ ಆಗಿದ್ದಾಳೆ.

"ಅವ್ವ ಹೋಗಿ ಎರಡು ವರ್ಷ ಆತ್ರೀ" ಎಂದಳು.

ಗೋಡೆಗೆ ಒರಗಿ ಕೂತೆ. ಆಮೇಲೆ, ನಿಮ್ಮ ತಾಯಿ ಹೇಳಿದ್ದ ಸೇತುವೆ ಇವತ್ತು ಹೊಸದಾಯಿತು ಎಂದೆ.

"ಯಾವ ಬ್ರಿಜ್ ರೀ?" ಎಂದಳು. "ಅವ್ವ ಕೆಲಸದ ಸುದ್ದಿ ಎಂದೂ ಮನ್ಯಾಗ ತೆಗೀತಿರ್ಲಿಲ್ಲ."

ಹಾಗಾಗಿ ಎಲ್ಲವನ್ನೂ ನಾನೇ ಹೇಳಬೇಕಾಯಿತು. ಅರ್ಜಿಯಲ್ಲಿ ಬರೆದ ಆ ವಾಕ್ಯವನ್ನೂ ಬಿಡದೆ ಹೇಳಿದೆ. ಆಸ್ಪತ್ರೆಯಲ್ಲಿ ಯಾರೋ ಅವಳನ್ನು ಕೂಗಿದ್ದು ಕೇಳಿಸಿತು.

"ಇದನ್ನ ಅವ್ವಗ ಹೇಳಬೇಕಿತ್ರಿ ನೀವು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೌದಮ್ಮ ಎಂದೆ. ಅವಳಿಗೆ ಡ್ಯೂಟಿ ಇತ್ತು, ಫೋನ್ ಇಟ್ಟಳು.