ಒನ್ಸ್ ಮೋರ್ ಬಿದ್ದ ಸಂಜೆ

ಬೋಗಾದಿಯ ಸಿದ್ದರಾಜು ಹಗಲೆಲ್ಲ ಸಿಟಿ ಬಸ್ಸಿನ ಕಂಡಕ್ಟರು, ಬಣ್ಣ ಹಚ್ಚಿದರೆ ರಾಜ. ಊರಿನ ನಾಟಕ ಮಂಡಳಿ ವರ್ಷಕ್ಕೊಮ್ಮೆ ಆಡುತ್ತಿದ್ದುದು ಒಂದೇ ನಾಟಕ. ಒಳ್ಳೆಯ ರಾಜನೊಬ್ಬ ತಮ್ಮನಿಗೆ ಪಟ್ಟ ಬಿಟ್ಟುಕೊಡಲಾರದೆ, ಸಣ್ಣದೊಂದು ಸುಳ್ಳಿನಿಂದ ಶುರುಮಾಡಿ, ಕೊನೆಗೆ ತಮ್ಮನನ್ನೇ ಕೊಲ್ಲಿಸುವ ಕಥೆ. ಆ ಪಾತ್ರವನ್ನು ಸಿದ್ದರಾಜು ಇಪ್ಪತ್ತೆರಡು ವರ್ಷ ಮಾಡಿದ. ಬಸ್ಸಿನಲ್ಲಿ ಅವನು ಮುಂದೆ ಹೋಗಿ ಎಂದರೂ ಅಪ್ಪಣೆ ಕೊಟ್ಟ ಹಾಗಿರುತ್ತಿತ್ತು. ಜನ ಮುಸಿಮುಸಿ ನಗುತ್ತಲೇ ಮುಂದೆ ಹೋಗುತ್ತಿದ್ದರು.

1996ರ ಹೊತ್ತಿಗೆ ಅವನ ದನಿ ಸೋತಿತು. ಮೇಲಿನ ಸ್ವರಕ್ಕೆ ಹೋದರೆ ಕೆಮ್ಮು. ಮಂಡಳಿಯ ಹಿರಿಯರಾದ ಚಾಮಯ್ಯನವರು ಮನೆಗೇ ಬಂದು, ಇನ್ನು ಪಾತ್ರ ನಿನ್ನ ಅಕ್ಕನ ಮಗ ಶಿವಪ್ರಕಾಶನಿಗಿರಲಿ, ನೀನು ಹಾರ್ಮೋನಿಯಂಗೆ ಕೂತು ಅವನನ್ನು ತಯಾರು ಮಾಡು ಎಂದರು. ಸಿದ್ದರಾಜು ಬಾಯಲ್ಲಿ ಹೂಂ ಎಂದ.

ಶಿವಪ್ರಕಾಶ ಹೊಸ ಬಡಾವಣೆಗಳಲ್ಲಿ ಗಾರೆ ಕೆಲಸ ಮಾಡುವವನು. ತಂದೆಯಿಲ್ಲದ ಅವನಿಗೆ ಮಾವನೇ ಎಲ್ಲ. ಆರು ವರ್ಷದವನಿದ್ದಾಗಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಶ್ರುತಿ ಹಿಡಿಯುವುದನ್ನು ಕಲಿಸಿದವನೂ ಮಾವನೇ. ಈಗ ಗುಡಿಯ ಜಗಲಿಯ ಮೇಲೆ ನಾಲ್ಕು ತಿಂಗಳು ಪ್ರಾಕ್ಟೀಸು ನಡೆಯಿತು. ಸಿದ್ದರಾಜು ಮನಸ್ಸಿಟ್ಟೇ ಕಲಿಸಿದ, ಅದನ್ನು ಇಲ್ಲವೆನ್ನಬಾರದು. ಅಳಿಯನ ದನಿಗೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಮೊದಲ ಕಪ್ಪು ಕೀಲಿಯ ಶ್ರುತಿ, ಸರಿಹೋಗುತ್ತಿತ್ತು. ಸಿದ್ದರಾಜುವಿನ ಹಳೆಯ ಶ್ರುತಿ ಅದಕ್ಕಿಂತ ಮೇಲಿನ ಎರಡನೆಯ ಕಪ್ಪು. ಅದು ಶಿವಪ್ರಕಾಶನ ಗಂಟಲಿಗೆ ಎಟುಕುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಪುರಭವನದಲ್ಲಿ ಸಂಜೆ ಆಟ, ಹಾರ್ಮೋನಿಯಂಗೆ ಸಿದ್ದರಾಜು. ಶಿವಪ್ರಕಾಶ ರಾಜನಾಗಿ ಬಂದು ಪಟ್ಟದ ಹಾಡು ಹಾಡಿದ. ಮುಗಿಯುವುದೇ ತಡ, ಸಭೆಯೆಲ್ಲ ಒನ್ಸ್ ಮೋರ್ ಎಂದು ಕೂಗಿತು. ಜನ ಹಾಗೆ ಕೇಳಿದರೆ ಮತ್ತೊಮ್ಮೆ ಹಾಡಲೇಬೇಕು. ಇಪ್ಪತ್ತೆರಡು ವರ್ಷದಲ್ಲಿ ಸಿದ್ದರಾಜುವಿಗೆ ಆ ಹಾಡಿಗೆ ಒಮ್ಮೆಯೂ ಒನ್ಸ್ ಮೋರ್ ಬಿದ್ದಿರಲಿಲ್ಲ. ಅವನ ಬೆರಳು ಎರಡನೆಯ ಕಪ್ಪಿಗೆ ಹೋಯಿತು.

ಶಿವಪ್ರಕಾಶ ಒಮ್ಮೆ ಮಾವನ ಕಡೆ ನೋಡಿ, ಹಾಡಿಗೆ ಬಾಯಿ ತೆರೆದ. ದನಿ ಒಡೆಯಿತು. ಸಭೆಯಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಒಡೆದ ದನಿಯಲ್ಲೇ ಅವನು ಹಾಡನ್ನು ಪೂರ್ತಿ ಹಾಡಿದ. ಸಿದ್ದರಾಜುವಿನ ಬೆರಳು ಅಲ್ಲಿಂದ ಕದಲಲಿಲ್ಲ.

ಕೈ ಹಳೆಯ ರೂಢಿಗೆ ಹೋಗಿಬಿಟ್ಟಿತು ಎಂದು ಸಿದ್ದರಾಜು ತನಗೆ ತಾನೇ ಹೇಳಿಕೊಂಡ. ಸಿಮೆಂಟಿನ ಧೂಳು ಕುಡಿದ ಗಂಟಲು, ಇನ್ನೇನಾದೀತು ಎಂದು ಚಾಮಯ್ಯನವರಿಗೆ ಹೇಳಿದ. ಎಲ್ಲರಿಗೂ ಆ ಯೋಗ ಇರುವುದಿಲ್ಲ ಎಂದು ಅಕ್ಕ ಶಿವನಂಜಮ್ಮನಿಗೆ ಹೇಳಿದ. ಮರುವರ್ಷ ಕಿರೀಟ ಮತ್ತೆ ಅವನ ತಲೆಗೇ ಬಂತು. ಹಾರ್ಮೋನಿಯಂಗೆ ಬೇರೆಯವರನ್ನು ಕರೆಸಿ, ನಾಚಿಕೆಯಿಲ್ಲದೆ, ತನಗಾಗಿ ಶ್ರುತಿಯನ್ನು ಮೊದಲ ಕಪ್ಪಿಗೆ ಇಳಿಸಿಕೊಂಡ. ತಮ್ಮನ ಹೆಣದ ಮುಂದೆ ರಾಜ ಅಳುವ ದೃಶ್ಯದಲ್ಲಿ ಅವನು ನಿಜವಾಗಿಯೇ ಅತ್ತ. ಜನ ಚಪ್ಪಾಳೆ ತಟ್ಟಿದರು.

ಶಿವಪ್ರಕಾಶ ಮತ್ತೆ ಹಾಡಲಿಲ್ಲ. ಭಜನೆಯಲ್ಲೂ ಬರೀ ತಾಳ ಹಾಕುತ್ತಿದ್ದ. ತನ್ನ ಮಗಳು ಸಿಂಚನಳನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೂ ಬಲವಂತ ಮಾಡಿದರೆ ನಕ್ಕು ಎದ್ದುಹೋದ. "ಮನೇಲೂ ಗುನುಗಲ್ಲ ಕಣೋ ಇವ್ನು" ಎಂದು ಶಿವನಂಜಮ್ಮ ತಮ್ಮನ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಮಾತು ಸಿದ್ದರಾಜುವನ್ನು ಎಂಟು ವರ್ಷ ಕೊರೆಯಿತು.

2005ರಲ್ಲಿ ರಿಟೈರಾದ ಮೇಲೆ ಒಂದು ಮಧ್ಯಾಹ್ನ ಅವನು ಅಳಿಯ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ನಡೆದುಹೋದ. ಶಿವಪ್ರಕಾಶ ತೊಟ್ಟಿಯ ಬಳಿ ಕರಣೆ ತೊಳೆಯುತ್ತಿದ್ದ.

"ಅವತ್ತು ಶ್ರುತಿ ಏರ್ಸಿದ್ದು ಬೇಕಂತ್ಲೇ ಕಣೋ, ಪ್ರಕಾಶ."

"ಗೊತ್ತು ಮಾವ. ನೀವು ಆ ಕಪ್ಪು ಮನೆ ಒತ್ತಿದ ತಕ್ಷಣ ಗೊತ್ತಾಯ್ತು. ಕಿವಿ ತಿದ್ದಿದೋರು ನೀವೇ ಅಲ್ವಾ."

ಅವನು ಬೈದಿದ್ದರೆ ಸಿದ್ದರಾಜು ತಡೆದುಕೊಳ್ಳುತ್ತಿದ್ದ. ಗೊತ್ತಿದ್ದೂ ಯಾಕೆ ಹಾಡಿದೆ, ನಿಲ್ಲಿಸಬಹುದಿತ್ತಲ್ಲ ಎಂದು ಕೇಳಿದ.

ಶಿವಪ್ರಕಾಶ ಕರಣೆಯನ್ನು ಗೋಡೆಗೆ ಒರಗಿಸಿದ.

"ಶ್ರುತೀನ ನೀವೇ ಇಳಿಸ್ತೀರ ಅಂದ್ಕೊಂಡೆ ಮಾವ. ಕೊನೇ ಸಾಲಿನ ತನಕ ಕಾದೆ."