ಅವ್ವನ ಕಿರುಬೆರಳು

ನಾನು ಓದು ಬಿಟ್ಟಿದ್ದು ೧೯೮೮ರಲ್ಲಿ, ಏಳನೇ ತರಗತಿಗೆ. ಅಂದಿನಿಂದ ತೆಂಗಿನಕಾಯಿ ಸುಲಿದೇ ಬದುಕಿದ್ದೇನೆ. ನೊಣವಿನಕೆರೆ ಸುತ್ತಿನ ತೋಟಗಳಲ್ಲಿ ನನ್ನಷ್ಟು ಬೇಗ ಸುಲಿಯುವವರು ಕಡಿಮೆ, ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಅವ್ವ ಮನೆಯಲ್ಲಿ ನಾರು ಹೊಸೆದು ಹಗ್ಗ ಮಾಡುತ್ತಿದ್ದಳು. ಎಲೆ-ಅಡಿಕೆಗೂ ಮಗನ ಮುಂದೆ ಕೈಚಾಚಿದವಳಲ್ಲ. ವಯಸ್ಸಾಗಿ ಹಗ್ಗದ ಕೆಲಸ ನಿಂತ ಮೇಲೆ ವೃದ್ಧಾಪ್ಯ ವೇತನವೊಂದೇ ಅವಳ ಸ್ವಂತ ದುಡ್ಡು.

ಅದು ಬ್ಯಾಂಕಿಗೆ ಬರುತ್ತಿತ್ತು. ಮಂಡಿನೋವು ಹೆಚ್ಚಾಗಿ ಅವ್ವನಿಗೆ ಬಸ್ ಹತ್ತಲು ಆಗದಾಯಿತು. ನಾನು ತಂದುಕೊಡೋಣವೆಂದರೆ ಬ್ಯಾಂಕಿನವರಿಗೆ ಅವಳ ಬೆರಳಚ್ಚೇ ಬೇಕು. ಅಷ್ಟರಲ್ಲಿ ನಮ್ಮೂರಿನ ಸೊಸೆಯೊಬ್ಬಳು ಬ್ಯಾಂಕಿನ ಪರವಾಗಿ ಮೊಬೈಲು, ಪುಟ್ಟ ಯಂತ್ರ ಹಿಡಿದು ಮನೆಮನೆಗೆ ಬರತೊಡಗಿದಳು. ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಖಾತೆಯ ದುಡ್ಡು ಜಗುಲಿಯಲ್ಲೇ ಕೈಗೆ ಬರುತ್ತದೆ.

ಅವಳು ಬರುವ ದಿನ ಅವ್ವ ಕೈತುಂಬ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಕೂತಿದ್ದಳು. ಬಿರುಕುಬಿಟ್ಟ ಬೆರಳು ನಯವಾದರೆ ಯಂತ್ರಕ್ಕೆ ಚೆನ್ನಾಗಿ ಕಾಣುತ್ತದೆ ಎಂದು ಅವಳ ಎಣಿಕೆ. ಹೆಬ್ಬೆರಳು ಗಾಜಿನ ಮೇಲೆ ಜಾರಿತು.

“ಏನಜ್ಜಿ, ಮಿಷನ್‌ಗೂ ಎಣ್ಣೆ ಸ್ನಾನ ಮಾಡಿಸ್ತೀಯಾ?” ಎಂದು ಆಕೆ ನಗುತ್ತ ಗಾಜು ಒರೆಸಿದಳು.

ಸೀಗೆಪುಡಿ ಹಾಕಿ ಅವ್ವನ ಕೈ ತೊಳೆಸಿದೆ. ಹೆಬ್ಬೆರಳು ಮತ್ತೆ ಇಟ್ಟಳು, ಆಗಲಿಲ್ಲ. ತೋರುಬೆರಳೂ ಆಗಲಿಲ್ಲ. ನಾರು ಹೊಸೆದೂ ಹೊಸೆದೂ ಗೆರೆಗಳೇ ಸವೆದಿದ್ದವು.

“ಬುಡವ್ವ, ನಾನೇ ಕೊಡ್ತೀನಿ,” ಎಂದೆ.

“ನಿನ್ ದುಡ್ಡು ನೀನೇ ಇಟ್ಕಳ್ಲಾ,” ಎಂದಳು, ಕೈ ಹಿಂದೆಗೆಯದೆ.

“ಕಿರುಬೆರಳು ಇಡಜ್ಜಿ. ಆಧಾರ್‌ನಲ್ಲಿ ಅದೂ ಐತೆ,” ಎಂದಳು ಆಕೆ.

ಹಗ್ಗ ಹೊಸೆಯುವಾಗ ಆ ಬೆರಳು ನಾರಿಗೆ ಅಷ್ಟಾಗಿ ತಾಗುವುದಿಲ್ಲ. ಅವ್ವ ಅನುಮಾನದಿಂದಲೇ ಇಟ್ಟಳು. ಗಾಜಿನೊಳಗೆ ಕೆಂಪು ಬೆಳಕು ಹೊಳೆಯಿತು. ಸ್ವಲ್ಪ ಹೊತ್ತಿಗೆ ಮೊಬೈಲಿನಲ್ಲಿ ಅವ್ವನ ಹೆಸರು ಮೂಡಿತು. ಊರಿನಲ್ಲಿ ಅವಳನ್ನು ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲೋ ದೂರದಲ್ಲಿ, ಅಷ್ಟು ಕೋಟಿ ಜನರ ನಡುವೆ, ಈ ಬೆರಳು ಇವಳದೇ ಎಂದು ಗೊತ್ತಾಗಿತ್ತು. ನಾನು ಬಗ್ಗಿ ಆ ಹೆಸರನ್ನು ಇನ್ನೊಮ್ಮೆ ಓದಿದೆ.

ಆಕೆ ನೋಟುಗಳನ್ನು ಅವ್ವನ ಕೈಗೇ ಕೊಟ್ಟಳು. ಅವ್ವ ಕಿರುಬೆರಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಗೇದ ಬೆರಳ್ನೆಲ್ಲ ಮರ್ತು, ಸುಮ್ಕೆ ಕೂತಿದ್ದುನ್ನ ಗುರ್ತಿಟ್ಕಂಡೈತಲ್ಲಾ ಇದು,” ಎಂದಳು. ಆಮೇಲೆ ಒಂದು ನೋಟು ನನ್ನ ಕಡೆ ಚಾಚಿದಳು. “ಎಲೆ-ಅಡಿಕೆ ತತ್ತಾ. ಚಿಲ್ರೆ ವಾಪಸ್ ಕೊಡು.”

ಆಮೇಲೊಂದು ದಿನ ನನ್ನ ಖಾತೆಗೆಂದು ನಾನೂ ಬೆರಳಿಟ್ಟೆ. ಒಂದಾದ ಮೇಲೊಂದು, ಹತ್ತನ್ನೂ.

ಈಗ ನನಗೆ ನಲವತ್ತು ತೆಂಗಿನ ಮರ, ಎರಡು ಹಸು, ಒಂದು ಮೊಬೈಲು ಇವೆ. ಯಂತ್ರಕ್ಕೆ ಗುರುತು ಸಿಗುವ ಬೆರಳು ನಾಲ್ಕು.