ಮಂಗಳವಾರ ನಾನು ಬರೆಯದೆ ಬಿಟ್ಟ ಮಾತು

2016ರಲ್ಲಿ ನಾನು ಸಿಂಗಪುರದ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ತಂಡದ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಕಳೆದಿತ್ತು. ಆಟಗಾರರ ಉಳುಕು, ಸೆಳೆತ, ಊತಗಳನ್ನು ನೋಡಿಕೊಳ್ಳುವುದು, ಗಾಯವಾದವರನ್ನು ಮತ್ತೆ ಓಡುವಂತೆ ಮಾಡುವುದು, ಪ್ರತಿ ಪಂದ್ಯಕ್ಕೆ ಮೂರು ದಿನ ಮೊದಲು ಯಾರು ಆಡಬಹುದು, ಯಾರು ಆಡಬಾರದು ಎಂದು ಕೋಚ್‌ಗೆ ಬರೆದುಕೊಡುವುದು ನನ್ನ ಹೊಣೆ. ಈ ಕೊನೆಯ ವಿಷಯದಲ್ಲಿ ನನ್ನ ಮಾತೇ ಅಂತಿಮ ಎಂಬ ಹೆಮ್ಮೆ ನನಗಿತ್ತು. ಕೋಚ್ ಲಿಮ್ ನಾನು ಕೊಟ್ಟ ಹಾಳೆಯನ್ನು ಓದುತ್ತಲೂ ಇರಲಿಲ್ಲ. ನನ್ನ ಮುಖ ನೋಡಿ "ಎಲ್ಲ ಸರಿ ತಾನೇ?" ಎಂದು ಕೇಳಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಆ ವರ್ಷದ ಆರಂಭದಲ್ಲಿ ನಿಖಿಲ್ ಬಂದ. ಮೈಸೂರಿನ ಹುಡುಗ, ಇಪ್ಪತ್ತೇಳು ವರ್ಷ, ಸ್ಪೋರ್ಟ್ಸ್ ಸೈನ್ಸ್ ಓದಿದವನು. ಕಾಲೇಜು ಅವನನ್ನು ಒಂದು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ತೆಗೆದುಕೊಂಡಿತ್ತು. ಆಟಗಾರರ ಬೆನ್ನಿಗೆ ಒಂದು ಪುಟ್ಟ ಜಿಪಿಎಸ್ ಯಂತ್ರ ಕಟ್ಟಿ, ಯಾರು ಎಷ್ಟು ಓಡಿದರು, ಎಷ್ಟು ವೇಗವಾಗಿ ಓಡಿದರು, ಯಾರಿಗೆ ದಣಿವು ಹೆಚ್ಚಾಗಿದೆ ಎಂದು ಅವನು ತನ್ನ ಟ್ಯಾಬ್ಲೆಟ್‌ನಲ್ಲಿ ತೋರಿಸುತ್ತಿದ್ದ. ಹಸಿರು ಬಣ್ಣ ಬಂದರೆ ಸರಿ, ಕೆಂಪು ಬಂದರೆ ಅಪಾಯ.

ಮೊದಲ ದಿನವೇ ನನ್ನನ್ನು ಹುಡುಕಿಕೊಂಡು ಬಂದು, "ಮೇಡಂ, ಇಲ್ಲಿ ಕನ್ನಡದವ್ರು ಒಬ್ರು ಇದಾರೆ ಅಂತ ಕೇಳಿ ಎಷ್ಟು ಖುಷಿ ಆಯ್ತು ಗೊತ್ತಾ" ಎಂದ. ಆ ವಾರವೇ ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಕರೆದೆ. ಮನೆಯಲ್ಲಿ ಅವನಿಗೆ ನಾನು ಆಂಟಿ, ಮೈದಾನದಲ್ಲಿ ಮೇಡಂ. ಅವನು ಹೋದ ಮೇಲೆ ನನ್ನ ಗಂಡ ಸತೀಶ್, "ಎಂಥ ಒಳ್ಳೆ ಹುಡುಗ ಅಲ್ವಾ?" ಎಂದಾಗ ನಾನೂ ಹೌದೆಂದೆ. ಆಗ ಅದು ನಿಜವಾದ ಮಾತೇ ಆಗಿತ್ತು.

ಎರಡು ತಿಂಗಳಲ್ಲಿ ನನ್ನ ಮನಸ್ಸು ಬದಲಾಯಿತು. ಪ್ರಾಕ್ಟೀಸ್ ಮುಗಿದ ಮೇಲೆ ನನ್ನ ಟೇಬಲ್ ಸುತ್ತ ಸೇರಿ ಹರಟುತ್ತಿದ್ದ ಹುಡುಗರು ಈಗ ನಿಖಿಲ್‌ನ ಟ್ಯಾಬ್ಲೆಟ್ ಸುತ್ತ ನಿಂತು ತಮ್ಮ ತಮ್ಮ ವೇಗ ನೋಡಿ ನಗುತ್ತಿದ್ದರು. ಕೋಚ್ ಬೆಳಗಿನ ಕಾಫಿಗೆ ಅವನನ್ನು ಕರೆದುಕೊಂಡು ಹೋಗಲು ಶುರುಮಾಡಿದರು. ನಾನು ಬ್ಯಾಂಡೇಜ್ ಸುತ್ತಿಡುವ ನೆಪದಲ್ಲಿ ಅಲ್ಲೇ ನಿಂತು, ಅವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತಾರೆ ಎಂದು ಗಡಿಯಾರ ನೋಡುತ್ತಿದ್ದೆ. ಒಮ್ಮೆ ಒಬ್ಬ ಆಟಗಾರನಿಗೆ ಇನ್ನೊಂದು ವಾರ ವಿಶ್ರಾಂತಿ ಬೇಕೆಂದು ನಾನು ಹೇಳಿದೆ. ನಿಖಿಲ್ ಬೇಡವೆಂದ. ಎಲ್ಲರ ಎದುರಿಗೇ ಕೋಚ್ ಅವನ ಮಾತು ಒಪ್ಪಿದರು. ಆ ಆಟಗಾರ ಚೆನ್ನಾಗಿಯೇ ಆಡಿದ, ಗೋಲನ್ನೂ ಹೊಡೆದ. ಇಡೀ ತಂಡ ಕುಣಿಯುತ್ತಿದ್ದಾಗ ನಾನು ಐಸ್ ಪೆಟ್ಟಿಗೆಯ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದೆ. ಆ ಸಂಜೆ ಮನೆಯಲ್ಲಿ ಸತೀಶ್ ನಿಖಿಲ್‌ನನ್ನು ಮತ್ತೆ ಊಟಕ್ಕೆ ಕರೆಯೋಣವೇ ಎಂದು ಕೇಳಿದಾಗ, "ಅವನಿಗೆ ಅಡುಗೆ ಮಾಡಕ್ಕೆ ಬರಲ್ವಾ?" ಎಂದುಬಿಟ್ಟೆ.

ಈ ಸ್ಥಿತಿಯಲ್ಲಿದ್ದಾಗ ಸೆಮಿಫೈನಲ್ ಬಂತು. ನಮ್ಮ ತಂಡ ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಎದುರಾಳಿ ಕಾಲೇಜು ಹೇಗೋ ತೆವಳಿಕೊಂಡು ಅಲ್ಲಿಗೆ ಬಂದಿತ್ತು. ಅವರಿಗೆ ಫಿಸಿಯೋ ಕೂಡ ಇರಲಿಲ್ಲ. ನಮ್ಮ ಹುಡುಗರು ಆಗಲೇ ಫೈನಲ್ ಬಗ್ಗೆ ಮಾತಾಡುತ್ತಿದ್ದರು. ಕೋಚ್ ಇಡೀ ಆಟವನ್ನು ಹಫೀಜ್ ಎಂಬ ಫಾರ್ವರ್ಡ್ ಆಟಗಾರನ ಸುತ್ತ ಕಟ್ಟಿದ್ದರು. ಹಫೀಜ್ ಕೊನೆಯ ವರ್ಷದ ವಿದ್ಯಾರ್ಥಿ, ಗಾಳಿಯಂತೆ ಓಡುವವನು. ಚೆಂಡನ್ನು ಅವನ ಮುಂದಕ್ಕೆ ಹಾಕಿದರೆ ಸಾಕು, ಉಳಿದದ್ದು ಅವನು ನೋಡಿಕೊಳ್ಳುತ್ತಾನೆ ಎಂಬುದೇ ಯೋಜನೆ. ಬೇರೆ ದಾರಿಯನ್ನು ಯಾರೂ ಅಭ್ಯಾಸ ಮಾಡಿರಲಿಲ್ಲ.

ಪಂದ್ಯ ಶುಕ್ರವಾರ. ಮಂಗಳವಾರ ಹಫೀಜ್ ನನ್ನ ಟೇಬಲ್ ಮೇಲೆ ಬೋರಲು ಮಲಗಿದ. ತೊಡೆಯ ಹಿಂಭಾಗದ ಸ್ನಾಯುಗಳನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ವೇಗವಾಗಿ ಓಡುವವರಿಗೆ ಮೊದಲು ಹರಿಯುವುದು ಅವೇ. ಎಡತೊಡೆಯ ಮೇಲ್ಭಾಗದಲ್ಲಿ ಒಂದು ನಾಣ್ಯದಷ್ಟು ಜಾಗದಲ್ಲಿ ನನ್ನ ಹೆಬ್ಬೆರಳು ತಾಗಿದಾಗ ಅವನ ಉಸಿರು ಒಂದು ಕ್ಷಣ ನಿಂತಿತು. ಮಂಡಿ ಮಡಚಲು ಹೇಳಿ ನಾನು ಕೈಯಿಂದ ತಡೆದೆ. ಬಲಗಾಲಿನಲ್ಲಿದ್ದ ಬಲ ಎಡಗಾಲಿನಲ್ಲಿರಲಿಲ್ಲ.

"ನೋಯ್ತಿದ್ಯಾ?"

"ಇಲ್ಲ ಮಿಸ್. ಸ್ವಲ್ಪ ಟೈಟ್ ಅಷ್ಟೇ."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ತಿಳಿಯಿತು. ನನ್ನ ಸ್ವಂತ ನೋಟ್‌ಬುಕ್‌ನಲ್ಲಿ ಎಲ್ಲವನ್ನೂ ಸರಿಯಾಗಿಯೇ ಬರೆದೆ: ಎಲ್ಲಿ ನೋವು, ಎಷ್ಟು ಬಲ ಕಡಿಮೆ, ಸ್ಕ್ಯಾನ್ ಆಗಬೇಕು, ಆಡಿಸಬಾರದು. ಆಮೇಲೆ ಕೋಚ್‌ಗೆ ಕೊಡುವ ಹಾಳೆ ತೆಗೆದುಕೊಂಡೆ. ಅದರಲ್ಲಿ ಈಗ ಎರಡು ಅಂಕಣಗಳಿದ್ದವು, ಒಂದು ನನಗೆ, ಇನ್ನೊಂದು ನಿಖಿಲ್‌ಗೆ. ಅವನ ಅಂಕಣ ಆಗಲೇ ತುಂಬಿತ್ತು. ಹಫೀಜ್ ಹೆಸರಿನ ಮುಂದೆ ಹಸಿರು.

ಪೆನ್ನು ಹಿಡಿದು ಕೂತೆ. ಆಡಬಾರದು ಎಂದು ಬರೆದರೆ ಕೋಚ್ ನಿಖಿಲ್‌ನನ್ನು ಕೇಳುತ್ತಾರೆ, ಅವನು ಟ್ಯಾಬ್ಲೆಟ್ ತೋರಿಸುತ್ತಾನೆ, ಮತ್ತೆ ಎಲ್ಲರ ಎದುರು ನನ್ನ ಮಾತು ಬಿದ್ದುಹೋಗುತ್ತದೆ. ಬೀಳಲಿ, ಅದು ಬೇರೆ. ನನ್ನೊಳಗೆ ಇನ್ನೊಂದು ಲೆಕ್ಕವೂ ನಡೆದಿತ್ತು. ಹಸಿರು ತೋರಿಸಿದವನು ಅವನು. ಆ ಹಸಿರು ಸುಳ್ಳೆಂದು ಎಲ್ಲರಿಗೂ ಒಮ್ಮೆ ಗೊತ್ತಾಗಲಿ. "ಲಘು ಬಿಗಿತ. ಗಮನವಿರಲಿ" ಎಂದು ಬರೆದು ಸಹಿ ಹಾಕಿದೆ. ಮುಂದೆ ಏನಾದರೂ ಆದರೆ ನಾನು ಹೇಳಿದ್ದೆ ಎನ್ನಬಹುದು, ಏನೂ ಆಗದಿದ್ದರೆ ನಾನು ತಡೆದೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸೆಂಬವಾಂಗ್‌ನ ಒಂದು ಮೈದಾನದಲ್ಲಿ ತಂಡ ವಾರ್ಮ್‌ಅಪ್ ಮಾಡುತ್ತಿತ್ತು. ನಿಖಿಲ್ ನನ್ನ ಪಕ್ಕ ನಿಂತು, "ನಂಬರ್ಸ್ ಎಲ್ಲ ಸೂಪರ್ ಆಗಿದೆ ಮೇಡಂ" ಎಂದ. ಮೂರನೆಯ ಓಟದಲ್ಲಿ ಹಫೀಜ್ ಕೈ ಎಡತೊಡೆಯ ಹಿಂದಕ್ಕೆ ಹೋಯಿತು. ತಕ್ಷಣ ಕೈ ತೆಗೆದು, ನಾನು ನೋಡಿದೆನೋ ಎಂದು ನನ್ನ ಕಡೆ ತಿರುಗಿದ. ನಾನು ನೋಡಿದ್ದೆ. ನಿಖಿಲ್ ನೋಡಿರಲಿಲ್ಲ.

ಆ ಗಳಿಗೆಯಲ್ಲಿ ನನಗೆ ಬಂದ ಭಾವನೆಯನ್ನು ಮರೆಮಾಚದೆ ಹೇಳುತ್ತೇನೆ. ನನಗೆ ಸಮಾಧಾನವಾಯಿತು. ಇವತ್ತು ಆಗುತ್ತದೆ ಎನ್ನಿಸಿತು. ಅದರ ಹಿಂದೆಯೇ ನನ್ನ ಬಗ್ಗೆ ನನಗೇ ಭಯ ಹುಟ್ಟಿತು. ಇಪ್ಪತ್ತು ವರ್ಷ ಕಾಲುಗಳನ್ನು ಸರಿಮಾಡಿ ಊಟ ಮಾಡಿದವಳು ಒಬ್ಬ ಹುಡುಗನ ಕಾಲು ಹರಿಯಲಿ ಎಂದು ಕಾಯುತ್ತ ನಿಂತಿದ್ದೆ.

ಮೈದಾನದೊಳಕ್ಕೆ ನಡೆದು ಹೋಗಿ ಹಫೀಜ್‌ನ ತೋಳು ಹಿಡಿದು ಹೊರಗೆ ತಂದೆ. ಕೋಚ್‌ಗೆ, "ಇವನು ಆಡುವಂತಿಲ್ಲ" ಎಂದೆ.

"ಮಂಗಳವಾರ ನೀವೇ ಸಹಿ ಹಾಕಿದ್ದೀರಲ್ಲ?"

"ಹಾಕಿದ್ದೆ. ಈಗ ಬೇಡ ಅಂತಿದೀನಿ."

ಕೋಚ್ ನಿಖಿಲ್ ಕಡೆ ನೋಡಿದರು. ಅವನು ಟ್ಯಾಬ್ಲೆಟ್ ಕೆಳಗಿಳಿಸಿ, "ಮೇಡಂ ಬೇಡ ಅಂದ್ರೆ ಬೇಡ ಕೋಚ್. ನೋವು ಇದರಲ್ಲಿ ಕಾಣಲ್ಲ" ಎಂದ. ಅವನು ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಫೀಜ್ ಬದಲು ಜುನ್ ವೇ ಎಂಬ ಹುಡುಗ ಇಳಿದ. ಅವನು ಅಷ್ಟು ವೇಗದವನಲ್ಲ, ಪಾಸ್ ಕೊಟ್ಟು ಆಡುವವನು. ಆದರೆ ಉಳಿದವರು ಅಭ್ಯಾಸದ ಬಲದಿಂದ ಅವನ ಮುಂದಕ್ಕೇ ಚೆಂಡು ಹಾಕುತ್ತಿದ್ದರು, ಅವನು ತಲುಪುವಷ್ಟರಲ್ಲಿ ಅದು ಎದುರಾಳಿಯ ಕಾಲಿನಲ್ಲಿರುತ್ತಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಕಾರ್ನರ್ ಕಿಕ್‌ನಿಂದ ಅವರು ಗೋಲು ಹೊಡೆದರು. ಒಂದು–ಸೊನ್ನೆಯಿಂದ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಹಫೀಜ್ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ.

ಸೋಮವಾರ ಸ್ಕ್ಯಾನ್ ವರದಿ ಬಂತು. ಸ್ನಾಯು ಸಣ್ಣದಾಗಿ ಹರಿದಿತ್ತು. ಆ ದಿನ ಪೂರ್ತಿ ಓಡಿದ್ದರೆ ಇಡೀ ವರ್ಷ ಹೋಗುತ್ತಿತ್ತು ಎಂದು ವೈದ್ಯರು ಹೇಳಿದರು. ಕೋಚ್ ತಂಡದ ಎದುರು ನನ್ನ ಕೈ ಕುಲುಕಿ, ಅನುಭವ ಎಂದರೆ ಇದು ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಎಂಟು ತಿಂಗಳಿಂದ ನಾನು ಬಯಸಿದ್ದೆಲ್ಲ ಒಂದೇ ನಿಮಿಷದಲ್ಲಿ ಸಿಕ್ಕಿತು.

ನಿಖಿಲ್ ಸಂಜೆ ನನ್ನ ಕೋಣೆಗೆ ಬಂದ. "ನಾನು ಮಿಸ್ ಮಾಡ್ದೆ ಮೇಡಂ. ರಿಪೋರ್ಟಲ್ಲಿ ಹಾಗೇ ಬರ್ದಿದೀನಿ. ಕಾಂಟ್ರ್ಯಾಕ್ಟ್ ರಿನ್ಯೂ ಆಗುತ್ತೋ ಇಲ್ವೋ, ನಿಮ್ ಹತ್ರ ಕಲಿತೆ ಅಂತ ಹೇಳ್ಬೇಕು ಅನ್ನಿಸ್ತು."

ಅಷ್ಟು ಸರಳವಾಗಿ ತಪ್ಪೊಪ್ಪಿಕೊಳ್ಳಲು ಇವನಿಗೆ ಬರುತ್ತದಲ್ಲ ಎಂದು ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಬೆಳಿಗ್ಗೆ ನನ್ನ ನೋಟ್‌ಬುಕ್ ತೆಗೆದುಕೊಂಡು ಕೋಚ್ ಬಳಿ ಹೋಗಿ, ಮಂಗಳವಾರದ ಪುಟ ತೆರೆದು ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಮೂರು ದಿನ" ಎಂದರು ಕೊನೆಗೆ. "ಮೂರು ದಿನ ಸಿಕ್ಕಿದ್ದರೆ ಜುನ್ ವೇಗೆ ತಕ್ಕ ಆಟ ಕಲಿಸುತ್ತಿದ್ದೆ." ಯಾಕೆ ಹೀಗೆ ಮಾಡಿದೆ ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ.

ನನಗೆ ಲಿಖಿತ ಎಚ್ಚರಿಕೆ ಬಂತು. ಮುಂದಿನ ಸೀಸನ್‌ಗೆ ಮುಖ್ಯ ತಂಡದ ಕೆಲಸ ಬೇರೊಬ್ಬರಿಗೆ ಹೋಯಿತು, ನಾನು ಕಿರಿಯರ ತಂಡಕ್ಕೆ ಬಂದೆ. ನಿಖಿಲ್‌ನ ಕಾಂಟ್ರ್ಯಾಕ್ಟ್ ರಿನ್ಯೂ ಆಯಿತು. ಅವನಿಗೂ ನಾನೇ ವಿಷಯ ತಿಳಿಸಿದೆ, ಕಾಲೇಜಿನ ಎದುರು ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ನಲ್ಲಿ ಕೂತು.

"ನಾನೇನಾದ್ರೂ ನಿಮಗೆ ತಪ್ಪು ಮಾಡಿದ್ನಾ ಆಂಟಿ?"

"ಇಲ್ಲಪ್ಪ. ಏನೂ ಮಾಡ್ಲಿಲ್ಲ. ಅದೇ ಕಷ್ಟ ಆಗಿದ್ದು ನನಗೆ."

ಅವನು ಮತ್ತೆ ನಮ್ಮ ಮನೆಗೆ ಊಟಕ್ಕೆ ಬರಲು ಒಂದು ವರ್ಷ ಹಿಡಿಯಿತು.

ಈಗ ಕಿರಿಯ ಫಿಸಿಯೋಗಳಿಗೆ ಪಾಠ ಮಾಡುವಾಗ ನಾನು ಹೇಳುವುದು ಇಷ್ಟೇ: ಬೆರಳಿಗೆ ಸಿಕ್ಕಿದ್ದನ್ನು ಆ ಗಂಟೆಯಲ್ಲೇ ಬರೆಯಿರಿ, ಅದನ್ನು ಯಾರು ಓದುತ್ತಾರೆ ಎಂದು ಯೋಚಿಸುವ ಮೊದಲು. ಅಸೂಯೆ ಬರದಂತೆ ಮಾಡುವ ಉಪಾಯ ನನಗೆ ಗೊತ್ತಿಲ್ಲ. ಅದು ಬಂದಾಗಲೂ ಹಾಳೆಯ ಮೇಲೆ ಬರಬೇಕಾದ್ದು ರೋಗಿಯ ಕಾಲಿನ ವಿಷಯ ಮಾತ್ರ. ಇದನ್ನು ಕಲಿಯಲು ನನಗೆ ಒಂದು ಹುದ್ದೆ ಹೋಗಬೇಕಾಯಿತು.

ಹಫೀಜ್ ಆ ಸ್ಕ್ಯಾನ್ ಆದ ಎಂಟು ವಾರಗಳ ನಂತರ ಒಂದು ಸ್ನೇಹಪಂದ್ಯದಲ್ಲಿ ಆಡಿದ. ನಾನು ಗ್ಯಾಲರಿಯಲ್ಲಿ ಕೂತು ನೋಡಿದೆ. ಗೋಲು ಹೊಡೆದವನೇ ಬೆಂಚಿನ ಕಡೆ ಓಡಿಬಂದು ನಿಖಿಲ್‌ನನ್ನು ಎತ್ತಿಕೊಂಡ. ನನಗೆ ಆಗಲೂ ಹೊಟ್ಟೆ ಉರಿಯಿತು. ಆದರೆ ಅವನು ಓಡಿಬಂದಷ್ಟು ದೂರವೂ ನನ್ನ ಕಣ್ಣು ಅವನ ಎಡಗಾಲಿನ ಮೇಲೇ ಇತ್ತು. ಕಾಲು ಚೆನ್ನಾಗಿತ್ತು.